ಅಗ್ಗದ ಶಿಬಿರ, ಪಕ್ಕದ ಚಾಪೆ

ಪರೀಕ್ಷೆಗಳು ಮುಗಿದು ಏಪ್ರಿಲ್ ಹತ್ತಿರವಾಗುತ್ತಿದ್ದಂತೆ ಗೋಡೆಗಳ ಮೇಲೆ, ಪತ್ರಿಕೆಯ ಮಡಿಕೆಯಲ್ಲಿ ಬರುವ ಕರಪತ್ರಗಳಲ್ಲಿ, ಈಗೀಗ ಮೊಬೈಲಿನಲ್ಲಿ ಬೇಸಿಗೆ ಶಿಬಿರಗಳ ಸುದ್ದಿ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವ ಶಿಬಿರಗಳು ಒಂದು ಬಗೆ. ಮಕ್ಕಳು ಬಟ್ಟೆಬರೆ, ಹೊದಿಕೆ ಕಟ್ಟಿಕೊಂಡು ಹೋಗಿ ಐದು ದಿನವೋ ಹತ್ತು ದಿನವೋ ಅಲ್ಲೇ ಉಂಡು ಅಲ್ಲೇ ಮಲಗುವ ವಸತಿ ಶಿಬಿರಗಳು ಇನ್ನೊಂದು ಬಗೆ. ಈ ಎರಡನೆಯದರ ಬಗ್ಗೆ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಹಣದ್ದು: ಇಷ್ಟು ದುಡ್ಡು ನಮ್ಮ ಕೈಲಾಗುತ್ತದೆಯೇ? ಇದಕ್ಕಿಂತ ಅಗ್ಗದ್ದು ಎಲ್ಲಾದರೂ ಇದೆಯೇ?

ಪ್ರಶ್ನೆ ನ್ಯಾಯವಾದದ್ದೇ. ಸಂಬಳದ ಲೆಕ್ಕ ಹಾಕಿ ಬದುಕುವವರು ಹಣದ ಮಾತನ್ನು ನಾಚಿಕೆಯ ಮಾತೆಂದು ತಿಳಿಯಬೇಕಾಗಿಲ್ಲ. ಆದರೆ ಹಣದ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದರೊಳಗೆ ಬೇರೆ ಪ್ರಶ್ನೆಗಳು ಕುಳಿತಿರುತ್ತವೆ. ಅಗ್ಗ ಎಂದರೆ ಯಾವ ಲೆಕ್ಕದಲ್ಲಿ ಅಗ್ಗ? ನಾವು ಕೊಡದೆ ಉಳಿಸಿದ್ದನ್ನು ಯಾರು ಕೊಡುತ್ತಿದ್ದಾರೆ? ನಮ್ಮ ಮಗುವಿನ ಪಕ್ಕದ ಚಾಪೆಯಲ್ಲಿ ಯಾರ ಮಗು ಮಲಗುತ್ತದೆ? ಯಾವ ಮಗು ಅಲ್ಲಿಗೆ ಬರಲೇ ಇಲ್ಲ? ಶಿಬಿರದ ಆಯ್ಕೆ ಒಂದು ನೈತಿಕ ಆಯ್ಕೆಯಾಗುವುದು ಇಲ್ಲಿಯೇ.

ಮೊದಲು ಒಂದು ಆಕ್ಷೇಪವನ್ನು ಎದುರಿಸಬೇಕು. "ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು? ರಜೆ ಬಂತೆಂದರೆ ಅಜ್ಜಿ ಮನೆ. ಖರ್ಚಿಲ್ಲ, ಕರಪತ್ರವಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಮಾವಿನ ಮರ, ಕೆರೆ, ಹಿತ್ತಿಲು, ಸಾಲಾಗಿ ಹಾಸಿದ ಚಾಪೆಗಳ ಮೇಲೆ ಹತ್ತಾರು ಮೊಮ್ಮಕ್ಕಳು ಇರುತ್ತಿದ್ದ ಮನೆಗೆ ಸಮನಾದ ಶಿಬಿರವನ್ನು ಯಾವ ಸಂಸ್ಥೆಯೂ ಕಟ್ಟಲಾರದು. ಆದರೆ ಆ ಮನೆಗಳು ಕಡಿಮೆಯಾಗಿವೆ. ಅಜ್ಜಿಯರೂ ಪಟ್ಟಣದ ಎರಡು ಕೋಣೆಯ ಮನೆಗೆ ಬಂದು ಸೇರಿದ್ದಾರೆ. ಅಷ್ಟೇ ಅಲ್ಲ, ಅಜ್ಜಿ ಮನೆಯ ಚಾಪೆಗಳ ಮೇಲೆ ಮಲಗುತ್ತಿದ್ದವರೆಲ್ಲ ನಮ್ಮವರೇ. ಒಂದೇ ಜಾತಿ, ಒಂದೇ ಮತ, ಒಂದೇ ಅಡುಗೆ, ಒಂದೇ ಮಾತು. ಹೊರಗಿನ ಮಗು ಜಗಲಿಯವರೆಗೆ ಬರುತ್ತಿತ್ತು, ಎಷ್ಟೋ ಮನೆಗಳಲ್ಲಿ ಅಂಗಳದವರೆಗೆ ಮಾತ್ರ. ಗ್ಯಾರೇಜಿನಲ್ಲಿ, ಹೋಟೆಲಿನಲ್ಲಿ, ಬೀಡಿಯ ಸೂಪಿನ ಮುಂದೆ ರಜೆ ಕಳೆದ ಮಕ್ಕಳಿಗೆ ಅಜ್ಜಿ ಮನೆಯ ರಮ್ಯ ನೆನಪೂ ಇಲ್ಲ. ಆದ್ದರಿಂದ ಅಜ್ಜಿ ಮನೆಯನ್ನು ಪ್ರೀತಿಯಿಂದ ನೆನೆಯೋಣ, ಆದರೆ ಶಿಬಿರ ಮಾಡಬೇಕಾದ ಕೆಲಸ ಬೇರೆಯೆಂದೂ ತಿಳಿಯೋಣ. ಅಪರಿಚಿತರ ನಡುವೆ ನಿದ್ದೆ ಹೋಗುವುದನ್ನು ಮಗು ಅಲ್ಲಿ ಕಲಿಯುತ್ತದೆ. ಅದರ ಬೆಲೆಯೂ ಅಪಾಯವೂ ಎರಡೂ ಇರುವುದು ಇದರಲ್ಲಿಯೇ.

ವಸತಿ ಶಿಬಿರವೆಂದರೆ ಉಳ್ಳವರ ಮಕ್ಕಳ ಶೋಕಿ ಎಂಬ ಭಾವನೆ ನಮ್ಮಲ್ಲಿದೆ. ಇತಿಹಾಸ ಹಾಗೆ ಹೇಳುವುದಿಲ್ಲ. 1876ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪಾದ್ರಿ ಹರ್ಮನ್ ವಾಲ್ಟರ್ ಬಿಯೋನ್ ಎಂಬವರು ನಗರದ 68 ಬಡ ಮಕ್ಕಳನ್ನು ಅಪೆನ್ಸೆಲ್ ಬೆಟ್ಟಗಳಿಗೆ ಕರೆದೊಯ್ದರು. ಕಾರ್ಖಾನೆಯ ಹೊಗೆಯಲ್ಲಿ ಬೆಳೆಯುತ್ತಿದ್ದ ಮಕ್ಕಳಿಗೆ ಕೆಲವು ವಾರ ಒಳ್ಳೆಯ ಗಾಳಿ ಮತ್ತು ಹೊಟ್ಟೆ ತುಂಬ ಊಟ ಸಿಗಲೆಂಬುದು ಅವರ ಉದ್ದೇಶ. ಮರುವರ್ಷವೇ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಿಲ್ಲಾರ್ಡ್ ಪಾರ್ಸನ್ಸ್ ಎಂಬ ಇನ್ನೊಬ್ಬ ಪಾದ್ರಿ ನ್ಯೂಯಾರ್ಕಿನ ಬಡ ಮಕ್ಕಳನ್ನು ತಮ್ಮ ಹಳ್ಳಿಯ ಮನೆಗಳಿಗೆ ಅತಿಥಿಗಳಾಗಿ ಕರೆಸಿಕೊಂಡರು. ಅದರಿಂದ ಬೆಳೆದ 'ಫ್ರೆಶ್ ಏರ್ ಫಂಡ್' ಒಂದೂವರೆ ಶತಮಾನದ ಹತ್ತಿರಕ್ಕೆ ಬಂದಿದೆ.

ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದ ಉದಾಹರಣೆ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್ಸೀ ದ್ವೀಪದಲ್ಲಿ ನಡೆದ ಶಿಬಿರ. ಸ್ಕೌಟ್ ಚಳವಳಿ ಹುಟ್ಟಿದ್ದು ಅಲ್ಲಿ. ಬೇಡನ್ ಪೊವೆಲ್ ಆರಿಸಿಕೊಂಡ ಸುಮಾರು 20 ಹುಡುಗರಲ್ಲಿ ಅರ್ಧದಷ್ಟು ಮಂದಿ ಶ್ರೀಮಂತರ ಶಾಲೆಗಳವರು, ಉಳಿದವರು ದುಡಿಯುವ ಜನರ ಮಕ್ಕಳು. ಶುಲ್ಕವೂ ಅವರವರ ಶಕ್ತಿಗೆ ತಕ್ಕಂತೆ ಇತ್ತು: ಶ್ರೀಮಂತ ಶಾಲೆಯವರಿಗೆ ಒಂದು ಪೌಂಡು, ಉಳಿದವರಿಗೆ ಮೂರೂವರೆ ಶಿಲ್ಲಿಂಗ್. ಅಂದರೆ ಆರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ ಡೇರೆ ಬೇರೆ ಮಾಡಲಿಲ್ಲ. ನಾಲ್ಕು ದಳಗಳಲ್ಲಿ ಎರಡೂ ಕಡೆಯ ಹುಡುಗರನ್ನು ಬೆರೆಸಿ ಹಂಚಲಾಯಿತು. ಬೇಡನ್ ಪೊವೆಲ್ ಸಾಮ್ರಾಜ್ಯದ ಸೇನಾನಿ, ಅವರ ಎಲ್ಲ ವಿಚಾರಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೂ ಶುಲ್ಕ ಎರಡು, ಡೇರೆ ಒಂದು ಎಂಬ ಆ ವ್ಯವಸ್ಥೆಯಲ್ಲಿ ನಾವು ಕಲಿಯಬೇಕಾದದ್ದು ಇದೆ. ಇಂದಿನ ಮಾರುಕಟ್ಟೆ ಮಾಡುತ್ತಿರುವುದು ಇದರ ತಲೆಕೆಳಗು. ಅದು ಪ್ರತಿಯೊಂದು ಶುಲ್ಕಕ್ಕೂ ಒಂದೊಂದು ಡೇರೆ ಹಾಕುತ್ತದೆ. ಸಾವಿರ ಕೊಡುವವರ ಮಕ್ಕಳು ಒಂದೆಡೆ, ಮೂವತ್ತು ಸಾವಿರ ಕೊಡುವವರ ಮಕ್ಕಳು ಇನ್ನೊಂದೆಡೆ. ಶಾಲೆಗಳಲ್ಲಿ ಈಗಾಗಲೇ ಬೇರ್ಪಟ್ಟ ಮಕ್ಕಳು ರಜೆಯಲ್ಲೂ ಬೇರ್ಪಡುತ್ತಾರೆ.

ಶಿಬಿರವೊಂದು ಅಗ್ಗವಾಗುವುದಕ್ಕೆ ನಮಗೆ ನಾಲ್ಕು ದಾರಿಗಳು ಕಾಣಿಸುತ್ತವೆ. ನಾಲ್ಕೂ ಒಂದೇ ಅಲ್ಲ.

ಮೊದಲನೆಯದು ಸರಳತೆ. ಹವಾನಿಯಂತ್ರಿತ ಕೋಣೆ ಇಲ್ಲ, ಈಜುಕೊಳ ಇಲ್ಲ, ಬಣ್ಣದ ಟೀ ಶರ್ಟು ಇಲ್ಲ. ಶಾಲೆಯ ಕೊಠಡಿ, ಜಮಖಾನ, ಅನ್ನ ಸಾರು, ಸಂಜೆಗೆ ಚುರುಮುರಿ. ಮಕ್ಕಳೇ ತಟ್ಟೆ ತೊಳೆಯುತ್ತಾರೆ, ಅಂಗಳ ಗುಡಿಸುತ್ತಾರೆ. ಹೀಗೆ ಅಗ್ಗವಾದರೆ ನಷ್ಟವೇನೂ ಇಲ್ಲ, ಲಾಭವೇ ಹೆಚ್ಚು. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಎಸ್.ಎನ್. ಸುಬ್ಬರಾವ್ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚಂಬಲ್ ಕಣಿವೆಯ ಡಕಾಯಿತರು 1972ರಲ್ಲಿ ಶರಣಾದದ್ದು ಅವರು ಕಟ್ಟಿದ ಜೌರಾದ ಆಶ್ರಮದಲ್ಲಿ. ದೇಶದ ಬೇರೆ ಬೇರೆ ಭಾಷೆಗಳ ಯುವಕ ಯುವತಿಯರನ್ನು ಒಂದೆಡೆ ಕಲೆಹಾಕಿ, ಬೆಳಿಗ್ಗೆ ಶ್ರಮದಾನ, ಸಂಜೆ ಹಲವು ಭಾಷೆಗಳ ಹಾಡು ಎಂಬ ಕ್ರಮದಲ್ಲಿ ಅವರು ದಶಕಗಳ ಕಾಲ ಶಿಬಿರಗಳನ್ನು ನಡೆಸಿದರು. ಖಾಕಿ ಚಡ್ಡಿಯ ಆ ಹಿರಿಯರ ಶಿಬಿರಗಳಿಗೆ ಸಾಮಾನು ಕಡಿಮೆ, ಜನ ಹೆಚ್ಚು. ಸನಿಕೆ ಹಿಡಿದು ಮಣ್ಣು ಅಗೆಯುವಾಗ ಅಕ್ಕಪಕ್ಕದವರ ಮಾತು ತಿಳಿಯದಿದ್ದರೂ ಕೆಲಸ ಸಾಗುತ್ತದೆ, ಕೆಲಸದ ಜೊತೆಗೆ ಮಾತೂ ಬರುತ್ತದೆ.

ಎರಡನೆಯ ದಾರಿ ಕದಿಯುವುದು. ಅಡುಗೆಯವರಿಗೆ ಕಡಿಮೆ ಕೂಲಿ, ಇಪ್ಪತ್ತು ಮಕ್ಕಳ ಜಾಗದಲ್ಲಿ ಐವತ್ತು ಮಕ್ಕಳು, ಎರಡೇ ಶೌಚಾಲಯ, ರಾತ್ರಿ ಕಾವಲಿಗೆ ಯಾರೂ ಇಲ್ಲ. ಹೊರಗಿನಿಂದ ನೋಡಿದರೆ ಇದೂ ಸರಳತೆಯಂತೆಯೇ ಕಾಣುತ್ತದೆ. ಆದರೆ ಸರಳತೆಯಲ್ಲಿ ಬಿಟ್ಟುಕೊಡುವುದು ನಮ್ಮ ಸೌಕರ್ಯವನ್ನು, ಇಲ್ಲಿ ಕಳೆದುಕೊಳ್ಳುವುದು ಇನ್ನೊಬ್ಬರ ಪಾಲನ್ನು.

ಮೂರನೆಯ ದಾರಿ ಬೇರೆಯವರ ಹಣ. "ಪ್ರವೇಶ ಉಚಿತ" ಎಂಬ ಮಾತು ಕಂಡಾಗ ಸಂತೋಷಪಡುವ ಮೊದಲು ಯಾರ ಹಣವೆಂದು ಕೇಳಬೇಕು. ಸರಕಾರದ್ದಾದರೆ ಅದು ನಮ್ಮದೇ ತೆರಿಗೆಯ ಹಣ. ಇತ್ತೀಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ನಡೆದ ಹಗಲು ಶಿಬಿರಗಳು ಇಂಥವು. 2024ರ ಬರಗಾಲದಲ್ಲಿ ಬೇಸಿಗೆ ರಜೆಯಲ್ಲೂ ಶಾಲೆಗಳಲ್ಲಿ ಬಿಸಿಯೂಟ ನಡೆದದ್ದನ್ನೂ ಇದರ ಜೊತೆ ನೆನೆಯಬೇಕು. ಬಿಯೋನ್ ಪಾದ್ರಿ ಕಂಡ ಹಸಿವು ನಮ್ಮಿಂದ ತೀರಾ ದೂರದ್ದಲ್ಲ. ಆದರೆ ಹಣ ಒಂದು ಪಕ್ಷದ್ದೋ, ಒಂದು ಮಠದ್ದೋ, ಜಮಾತಿನದ್ದೋ, ಚರ್ಚಿನದ್ದೋ, ಒಂದು ಕಂಪೆನಿಯದ್ದೋ ಆದಾಗ ಮಗು ಮರಳಿ ಬರುವಾಗ ಏನನ್ನು ಕಲಿತು ಬರುತ್ತದೆಂದು ನೋಡಬೇಕು. ಕೊಡುವವರಿಗೆಲ್ಲ ದುರುದ್ದೇಶವಿದೆಯೆಂದು ಇದರ ಅರ್ಥವಲ್ಲ. ದಾನದಲ್ಲಿ ದೊಡ್ಡ ಮನಸ್ಸೂ ಇರುತ್ತದೆ. ಆದರೆ ನೆರೆಯವನನ್ನು ದ್ವೇಷಿಸುವ ಹಾಡೊಂದನ್ನು ಬಾಯಿಪಾಠ ಮಾಡಿಕೊಂಡು ಬಂದ ಮಗುವಿಗೆ ಶಿಬಿರ ಉಚಿತವಾಗಿತ್ತೆಂದು ಹೇಳುವುದು ಹೇಗೆ? ಆ ಮಗು ಅದರ ಶುಲ್ಕವನ್ನು ಜೀವನವಿಡೀ ಕಂತಿನಲ್ಲಿ ಕಟ್ಟುತ್ತದೆ, ನೆರೆಯವನೂ ಕಟ್ಟುತ್ತಾನೆ.

ನಾಲ್ಕನೆಯ ದಾರಿ ಹಂಚಿಕೊಳ್ಳುವುದು. ಒಬ್ಬರಿಗೆ ಭಾರವಾದದ್ದನ್ನು ಹತ್ತು ಮನೆಯವರು ಹೊರುವುದು. ಇದನ್ನು ಮತ್ತೆ ನೋಡೋಣ.

ಅದಕ್ಕೆ ಮೊದಲು ಪಕ್ಕದ ಚಾಪೆಯ ಮಾತು. ನಮ್ಮಲ್ಲಿ ಕೈಗೆಟುಕುವ ವಸತಿ ಶಿಬಿರಗಳಲ್ಲಿ ಬಹಳಷ್ಟು ಒಂದೊಂದು ಸಮುದಾಯದವು. ತಂದೆತಾಯಿಯರು ಅವನ್ನು ಆರಿಸಿಕೊಳ್ಳಲು ಅಗ್ಗ ಎಂಬುದೊಂದೇ ಕಾರಣವಲ್ಲ. ಭಯವೂ ಕಾರಣ. ಸಸ್ಯಾಹಾರಿ ಮನೆಯ ತಾಯಿಗೆ ಅಡುಗೆಮನೆಯ ಚಿಂತೆ. ಮುಸ್ಲಿಂ ತಾಯಿಗೆ ಮಾಂಸ ಹಲಾಲ್ ಹೌದೋ ಅಲ್ಲವೋ, ಮಗನ ಹೆಸರು ಕೇಳಿ ಯಾರಾದರೂ ಕುಹಕವಾಡುತ್ತಾರೋ, ಮಗಳ ತಲೆವಸ್ತ್ರವನ್ನು ಎಳೆಯುತ್ತಾರೋ ಎಂಬ ಚಿಂತೆ. ದಲಿತ ತಂದೆಗೆ ತನ್ನ ಮಗುವಿನ ತಟ್ಟೆಯನ್ನು ಬೇರೆ ಇಡುತ್ತಾರೋ ಎಂಬ ಚಿಂತೆ. ಇವು ಕಲ್ಪನೆಯ ಭಯಗಳಲ್ಲ, ಪೆಟ್ಟು ತಿಂದು ಕಲಿತ ಭಯಗಳು. ಇವನ್ನು ಸಂಕುಚಿತ ಮನಸ್ಸು ಎಂದು ಬೈಯುವುದು ಸುಲಭ, ಪೆಟ್ಟು ತಿನ್ನದವರಿಗೆ ಇನ್ನೂ ಸುಲಭ. ಅಮೆರಿಕದಲ್ಲಿ ಯಹೂದಿ ಮಕ್ಕಳಿಗೂ ಕಪ್ಪು ಜನರ ಮಕ್ಕಳಿಗೂ ಹಲವು ಶಿಬಿರಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ತಮ್ಮದೇ ಶಿಬಿರಗಳನ್ನು ಕಟ್ಟಿಕೊಂಡರು. ಅಂಥ ಶಿಬಿರಗಳಲ್ಲಿ ಮಗು ತಲೆ ತಗ್ಗಿಸದೆ ಓಡಾಡಿತು. ತನ್ನ ಮನೆಯ ನಡೆನುಡಿಯನ್ನು ತಿಳಿದ ಮಗುವಿಗೆ ಇನ್ನೊಬ್ಬರ ನಡೆನುಡಿಯನ್ನು ಗೌರವಿಸುವುದೂ ತಿಳಿಯುತ್ತದೆ. ಆದ್ದರಿಂದ ಸಮುದಾಯದ ಶಿಬಿರವೇ ತಪ್ಪು ಎಂದು ನಾವು ಹೇಳಲಾರೆವು.

ಆದರೆ ಅದಷ್ಟೇ ಸಾಕೇ? ಇಲ್ಲಿ ಮುಜಾಫರ್ ಶರೀಫ್ ಎಂಬ ವಿದ್ವಾಂಸರನ್ನು ನೆನೆಯಬೇಕು. 1906ರಲ್ಲಿ ತುರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈ ಮನಶ್ಶಾಸ್ತ್ರಜ್ಞ 1954ರಲ್ಲಿ ಒಕ್ಲಹಾಮಾದ ರಾಬರ್ಸ್ ಕೇವ್ ಎಂಬ ಉದ್ಯಾನದಲ್ಲಿ ಬೇಸಿಗೆ ಶಿಬಿರದ ಹೆಸರಿನಲ್ಲಿ ಒಂದು ಪ್ರಯೋಗ ನಡೆಸಿದರು. ಹನ್ನೊಂದು ವರ್ಷದ ಆಸುಪಾಸಿನ 22 ಹುಡುಗರು. ಎಲ್ಲರೂ ಬಿಳಿಯರು, ಒಂದೇ ಮತದವರು, ಒಂದೇ ಅಂತಸ್ತಿನವರು. ಅವರನ್ನು ಎರಡು ಗುಂಪು ಮಾಡಿ ದೂರ ದೂರ ಇರಿಸಲಾಯಿತು. ಆಮೇಲೆ ಸ್ಪರ್ಧೆ, ಬಹುಮಾನ. ಕೆಲವೇ ದಿನಗಳಲ್ಲಿ ಬೈಗುಳ, ಧ್ವಜ ಸುಡುವುದು, ರಾತ್ರಿ ದಾಳಿ. ಜಾತಿ ಮತ ಯಾವ ಭೇದವೂ ಇಲ್ಲದ ಮಕ್ಕಳಲ್ಲಿ ಬರೀ ಎರಡು ಹೆಸರುಗಳಿಂದ ಹಗೆ ಹುಟ್ಟಿತು. ಆಮೇಲೆ ಎರಡೂ ಗುಂಪುಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೂ ಜಗಳ ನಿಲ್ಲಲಿಲ್ಲ. ನೀರಿನ ಸರಬರಾಜು ನಿಂತುಹೋದಾಗ ಇಬ್ಬರೂ ಸೇರಿ ಹುಡುಕಬೇಕಾಯಿತು. ಊಟ ತರಬೇಕಾದ ಲಾರಿ ಕೆಟ್ಟು ನಿಂತಾಗ ಇಬ್ಬರೂ ಸೇರಿ ಹಗ್ಗ ಕಟ್ಟಿ ಎಳೆಯಬೇಕಾಯಿತು. ಆಗ ಹಗೆ ಕರಗತೊಡಗಿತು. ಕೊನೆಯ ದಿನ ಒಂದು ಗುಂಪು ತಾನು ಗೆದ್ದ ಐದು ಡಾಲರನ್ನು ಎಲ್ಲರಿಗೂ ಹಾಲಿನ ಪಾನೀಯ ಕೊಡಿಸಲು ಖರ್ಚು ಮಾಡಿತು.

ಈ ಪ್ರಯೋಗಕ್ಕೆ ಇನ್ನೊಂದು ಮುಖವಿದೆ. ಮಕ್ಕಳಿಗೆ ತಿಳಿಸದೆ ಅವರನ್ನು ಎತ್ತಿಕಟ್ಟಿದ್ದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹಿಂದಿನ ವರ್ಷ, 1953ರಲ್ಲಿ, ಶರೀಫ್ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದೇ ಒಂದು ಪ್ರಯೋಗ ಮಾಡಿದ್ದರು. ಜೀನಾ ಪೆರ್ರಿ 2018ರ ತಮ್ಮ 'ದಿ ಲಾಸ್ಟ್ ಬಾಯ್ಸ್' ಪುಸ್ತಕದಲ್ಲಿ ಅದರ ಕತೆ ಹೇಳಿದ್ದಾರೆ. ಅಲ್ಲಿ ಹುಡುಗರನ್ನು ಮೊದಲು ಒಟ್ಟಿಗೆ ಇರಿಸಿ ಆಮೇಲೆ ಎರಡು ಗುಂಪು ಮಾಡಲಾಗಿತ್ತು. ದೊಡ್ಡವರು ಗುಟ್ಟಾಗಿ ಎಷ್ಟು ಕೆಣಕಿದರೂ ಮಕ್ಕಳು ಜಗಳಕ್ಕೆ ಇಳಿಯಲಿಲ್ಲ, ಪ್ರಯೋಗ ನಿಂತುಹೋಯಿತು. ಮೊದಲು ಗೆಳೆಯರಾದವರನ್ನು ಆಮೇಲೆ ಒಡೆಯುವುದು ಸುಲಭವಲ್ಲ. ವಿಜ್ಞಾನಿಗೆ ಅದು ಸೋಲಾಗಿರಬಹುದು. ನಮಗೆ, ಹೆತ್ತವರಿಗೆ, ಅದೇ ದೊಡ್ಡ ಪಾಠ. ನಮ್ಮ ಮಕ್ಕಳನ್ನು ಮುಂದೆ ಒಡೆಯಲು ಬರುವವರು ಬಂದೇ ಬರುತ್ತಾರೆ. ಅವರು ಬರುವ ಮೊದಲೇ ಮಕ್ಕಳಿಗೆ ಒಂದು ವಾರವಾದರೂ ಒಟ್ಟಿಗೆ ಲಾರಿ ಎಳೆಯುವ ಅವಕಾಶ ಸಿಕ್ಕಿರಬೇಕು. ಸಮುದಾಯದ ಶಿಬಿರಕ್ಕೆ ಎರಡು ಸಲ ಕಳುಹಿಸಿದವರು ಮೂರನೆಯ ಸಲ ಬೆರೆತ ಶಿಬಿರಕ್ಕೆ ಕಳುಹಿಸಲಿ. ಬೆರೆತ ಶಿಬಿರ ನಡೆಸುವವರು ಮಾಂಸ ತಿನ್ನುವವರನ್ನೂ ತಿನ್ನದವರನ್ನೂ, ನಸುಕಿನಲ್ಲಿ ಎದ್ದು ನಮಾಜು ಮಾಡುವ ಮಗುವನ್ನೂ ವಿಭೂತಿ ಇಡುವ ಮಗುವನ್ನೂ ಮುಜುಗರವಿಲ್ಲದೆ ಇರಿಸಿಕೊಳ್ಳಲಿ. ಸೌಹಾರ್ದವೆಂದರೆ ಎಲ್ಲರೂ ತಮ್ಮತನವನ್ನು ಗೇಟಿನ ಹೊರಗೆ ಬಿಟ್ಟು ಬರುವುದಲ್ಲ.

ಈಗ ಉಳಿತಾಯ ಮಾಡಬಾರದ ಒಂದು ಬಾಬತ್ತು. ಅದು ಮಕ್ಕಳ ಜೀವ ಮತ್ತು ಮಾನ. 2025ರ ಜುಲೈ 4ರ ನಸುಕಿನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಗ್ವಾಡಲೂಪ್ ನದಿ ಉಕ್ಕಿದಾಗ ದಡದಲ್ಲಿದ್ದ ಕ್ಯಾಂಪ್ ಮಿಸ್ಟಿಕ್ ಎಂಬ ಬಾಲಕಿಯರ ಶಿಬಿರದಲ್ಲಿ ಮಕ್ಕಳು ಮತ್ತು ಅವರನ್ನು ನೋಡಿಕೊಳ್ಳುತ್ತಿದ್ದ ಯುವತಿಯರು ಸೇರಿ 27 ಮಂದಿ ಸತ್ತರು. ಅದು 1926ರಿಂದ ನಡೆದು ಬಂದಿದ್ದ, ಅನುಕೂಲಸ್ಥರ ಮನೆಯ ಹೆಣ್ಣುಮಕ್ಕಳು ಹೋಗುತ್ತಿದ್ದ ಹೆಸರುವಾಸಿ ಶಿಬಿರ. ನೆರೆ ಬರುವ ಜಾಗದಲ್ಲಿ ಮಕ್ಕಳ ಕೊಠಡಿಗಳಿರಬಾರದೆಂದು ಆ ರಾಜ್ಯ ಕಾಯಿದೆ ಮಾಡಿದ್ದು ಆಮೇಲೆ, ಅದೇ ಸೆಪ್ಟೆಂಬರ್‌ನಲ್ಲಿ. ನಮ್ಮಲ್ಲೇ 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿದರು. ದುಬಾರಿ ಎಂಬುದು ಭದ್ರತೆಯಲ್ಲ, ಅಗ್ಗ ಎಂಬುದು ಅಪಾಯವೂ ಅಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡಕ್ಕೂ ಒಂದೇ. ಜಾಗ ಹೊಳೆಗೆ, ಕೆರೆಗೆ, ಕಡಲಿಗೆ ಎಷ್ಟು ಹತ್ತಿರ? ನೀರಿಗಿಳಿಯುವಾಗ ಈಜು ಬಲ್ಲವರು ಎಷ್ಟು ಮಂದಿ ಇರುತ್ತಾರೆ? ರಾತ್ರಿ ಮಕ್ಕಳ ಬಳಿ ಯಾರು ಮಲಗುತ್ತಾರೆ, ಹುಡುಗಿಯರ ಕೊಠಡಿಗೆ ಹೆಂಗಸರಿದ್ದಾರೆಯೇ? ಜ್ವರ ಬಂದರೆ ಎಷ್ಟು ದೂರದಲ್ಲಿ ವೈದ್ಯರಿದ್ದಾರೆ? ಮಗು ಬಯಸಿದಾಗ ಮನೆಗೆ ಫೋನು ಮಾಡಬಹುದೇ? ದೌರ್ಜನ್ಯ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಮಗುವಿಗೆ ಬಾಯಿಪಾಠ ಇರಲಿ. ಈ ಪ್ರಶ್ನೆಗಳಿಗೆ ಸಿಟ್ಟಾಗುವವರ ಶಿಬಿರ, ಅವರು ಎಷ್ಟೇ ದೊಡ್ಡ ಆದರ್ಶವಾದಿಗಳಾಗಿರಲಿ, ನಮ್ಮವರೇ ಆಗಿರಲಿ, ನಮ್ಮ ಮಕ್ಕಳಿಗೆ ಬೇಡ.

ಇನ್ನು ಮಗುವಿನ ಮಾತು. ಶಿಬಿರ ಮಗುವಿಗೋ, ನಮ್ಮ ಆತಂಕಕ್ಕೋ? ಪಕ್ಕದ ಮನೆಯವರ ಮಗ ಕುದುರೆ ಸವಾರಿ ಕಲಿತನೆಂದು ನಮ್ಮವನೂ ಕಲಿಯಲೆಂಬ ಹಟ ಕೊಳ್ಳುಬಾಕತನದ ಇನ್ನೊಂದು ರೂಪ. ರಾತ್ರಿ ಅಮ್ಮನನ್ನು ನೆನೆದು ಅಳುವ, ಹಾಸಿಗೆ ಒದ್ದೆ ಮಾಡಿಕೊಂಡೇನೆಂದು ಹೆದರುವ ಮಗುವನ್ನು "ಗಟ್ಟಿಯಾಗಲಿ" ಎಂದು ನೂಕುವುದರಲ್ಲಿ ಧೈರ್ಯ ನಮ್ಮದಲ್ಲ, ಅದರದ್ದು. ಹತ್ತು ವರ್ಷದ ಮಗುವಿಗೆ ಬೇಡ ಎನ್ನುವ ಹಕ್ಕಿದೆ. ಈ ವರ್ಷ ಬೇಡವೆಂದ ಮಗು ಮುಂದಿನ ವರ್ಷ ತಾನೇ ಚೀಲ ಕಟ್ಟಬಹುದು.

ಕೊನೆಯದಾಗಿ ಹಂಚಿಕೊಳ್ಳುವ ದಾರಿ. ಒಂದು ಸರಳ ಲೆಕ್ಕ ಮಾಡೋಣ. ಒಂದು ಊರಿನ ಹತ್ತು ಹದಿನೈದು ಮನೆಯವರು ಸೇರಿ 40 ಮಕ್ಕಳಿಗೆ ಐದು ದಿನದ ಶಿಬಿರ ಮಾಡುತ್ತಾರೆಂದು ಇಟ್ಟುಕೊಳ್ಳಿ. ಜಾಗ ರಜೆಯಲ್ಲಿ ಖಾಲಿ ಇರುವ ಶಾಲೆ. ಮಗುವಿಗೆ ದಿನಕ್ಕೆ ಊಟ ತಿಂಡಿಗೆ 150 ರೂಪಾಯಿಯಾದರೆ ಒಟ್ಟು 30 ಸಾವಿರ. ಅಡುಗೆಯವರ ನ್ಯಾಯವಾದ ಕೂಲಿ, ಹಾಡು ನಾಟಕ ಕಲಿಸುವವರ ಗೌರವಧನ, ಔಷಧಿ, ಬಣ್ಣ, ಕಾಗದ ಎಂದು ಇನ್ನೊಂದು 30 ಸಾವಿರ. ಒಟ್ಟು 60 ಸಾವಿರ. ನಲವತ್ತು ಮಂದಿಯೂ ಕೊಟ್ಟರೆ ಮಗುವಿಗೆ 1,500 ರೂಪಾಯಿ. ಹತ್ತು ಮಕ್ಕಳಿಗೆ ಕೊಡಲು ಆಗದಿದ್ದರೆ ಉಳಿದ ಮೂವತ್ತು ಮಕ್ಕಳಿಗೆ ತಲಾ 2,000. ವ್ಯತ್ಯಾಸ 500 ರೂಪಾಯಿ.

ನಮ್ಮ ಇಷ್ಟೂ ಚರ್ಚೆ ಕೊನೆಗೆ ಈ ಐನೂರು ರೂಪಾಯಿಗೆ ಬಂದು ನಿಲ್ಲುತ್ತದೆ. ಸಾವಿರದ ಐನೂರಕ್ಕೆ ಸಿಗುವ ಶಿಬಿರ ನಮಗೆ ಅಗ್ಗ. ಆದರೆ ಆ ಹತ್ತು ಮಕ್ಕಳಿಲ್ಲದೆ ಅದು ನಮ್ಮಂಥವರ ಮಕ್ಕಳದ್ದೇ ಇನ್ನೊಂದು ಗುಂಪು. ಎರಡು ಸಾವಿರದ ಶಿಬಿರದಲ್ಲಿ ಟೈಲರ್ ಅಂಗಡಿಯವನ ಮಗಳು, ಪೌರಕಾರ್ಮಿಕರ ಮಗ, ಮೀನು ಮಾರುವಾಕೆಯ ಮೊಮ್ಮಗ ಇರುತ್ತಾರೆ. ಇಲ್ಲಿ ಒಂದು ಎಚ್ಚರ ಅಗತ್ಯ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಲೆಕ್ಕ ಬರೆಯುವ ಒಬ್ಬರಿಗೆ ಬಿಟ್ಟು ಬೇರಾರಿಗೂ ತಿಳಿಯಬಾರದು. ಉಚಿತವಾಗಿ ಬಂದ ಮಕ್ಕಳನ್ನು ವೇದಿಕೆಗೆ ಕರೆದು ದಾನಿಗಳ ಕೈಯಿಂದ ಚೀಲ ಕೊಡಿಸಿ ಫೋಟೊ ತೆಗೆಸಿದರೆ ಐದು ದಿನದ ಸಮಾನತೆ ಐದು ನಿಮಿಷದಲ್ಲಿ ಹೋಗುತ್ತದೆ. ಮರ್ಯಾದೆ ಕಳೆದು ಕೊಟ್ಟ ಅನ್ನಕ್ಕಿಂತ ಹಸಿವೇ ಲೇಸೆಂದು ಮಕ್ಕಳಿಗೂ ಅನಿಸುತ್ತದೆ. ಅವರು ಹೇಳುವುದಿಲ್ಲ, ಅಷ್ಟೇ.

ತಿಂಗಳ ಕೊನೆಯಲ್ಲಿ ಕೈ ಬರಿದಾಗುವ ಮನೆಗಳಿಗೆ ಐನೂರು ಸಣ್ಣ ಮೊತ್ತವಲ್ಲ. ಅಂಥ ಮನೆಗಳು ಆ ಹತ್ತರಲ್ಲಿ ಸೇರಲಿ, ಅದರಲ್ಲಿ ಕೀಳರಿಮೆ ಬೇಡ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು, ರಾತ್ರಿ ಕಾವಲಿರಲು ಬಂದರೆ ಅದೂ ಶುಲ್ಕವೇ. ಆದರೆ ಕೊಡಬಲ್ಲ ನಾವು, "ಕೈಗೆಟುಕುವ ಶಿಬಿರ ಯಾವುದು?" ಎಂದು ಕೇಳುವಾಗ ಯಾರ ಕೈ ಎಂಬುದನ್ನೂ ಕೂಡಿಸಿಕೊಂಡು ಕೇಳಬೇಕು. ಈ ಏಪ್ರಿಲ್‌ನಲ್ಲಿ ಮಕ್ಕಳ ಹೆಸರು ಬರೆಸುವ ಮೊದಲು ನಮ್ಮ ಬೀದಿಯಲ್ಲಿ ಹೆಸರು ಬರೆಸಲಾಗದ ಮಗು ಯಾವುದೆಂದು ಒಮ್ಮೆ ನೋಡೋಣ. ಎರಡು ಹೆಸರುಗಳನ್ನು ಒಟ್ಟಿಗೆ ಬರೆಸಲು ಸಾಧ್ಯವೇ ಎಂದು ಲೆಕ್ಕ ಹಾಕೋಣ. ಅನೇಕರಿಗೆ ಅದು ಸಾಧ್ಯ.